ಯಾವ ಊರಿನ ಹುಲಿ?

2020ರಲ್ಲಿ ಡೀಪ್‌ಮೈಂಡ್ ಸಂಶೋಧಕರು, ಹಿಂದಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಜೊತೆ ಸೇರಿ, ಚೆಸ್ಸಿನ ನಿಯಮಗಳನ್ನು ಒಂಬತ್ತು ಬಗೆಯಲ್ಲಿ ಬದಲಿಸಿ, ಪ್ರತಿಯೊಂದನ್ನೂ ಆಲ್ಫಾಝೀರೋ ತನ್ನೊಡನೆ ತಾನೇ ಆಡಿ ಕಲಿಯಲು ಬಿಟ್ಟರು. ನಿಯಮ ಬದಲಾದರೆ ಆಟ ಎತ್ತ ವಾಲುತ್ತದೆಂದು ನೋಡಲು.

ಇದನ್ನೋದಿ ನಾನೂ ಹುಲಿ-ಕುರಿ ಆಟವನ್ನು ಲ್ಯಾಪ್‌ಟಾಪಿಗೆ ಕಲಿಸಲು ಕೂತೆ. ಮೂರು ಹುಲಿ, ಹದಿನೈದು ಕುರಿ. ನಿಯಮ ಕೇಳಿದ್ದು ಕೊಟ್ಟೂರಿನ ಅಜ್ಜನನ್ನು.

"ಕುರಿ ಎಲ್ಲಾ ಇಳಿಸೋತನಕ ಒಂದನ್ನೂ ಸರಿಸಂಗಿಲ್ಲ."

"ನಮ್ಮೂರಾಗ ಹಂಗಿಲ್ರೀ," ಒಳಗಿಂದ ಹರಪನಹಳ್ಳಿಯ ಅಜ್ಜಿ.

ಐವತ್ತು ವರ್ಷದ ಸಂಸಾರದಲ್ಲಿ ಇತ್ಯರ್ಥವಾಗದ ವ್ಯಾಜ್ಯ! ಕಟ್ಟೆಯ ಮೇಲೆ ಆಡುವವರು ಜಗಳವಾಡಿಯೇ ಅವತ್ತಿನ ನಿಯಮ ಗೊತ್ತುಮಾಡಿಕೊಳ್ಳುತ್ತಿದ್ದರಂತೆ. ಯಂತ್ರಕ್ಕೆ ಮೊದಲೇ ಒಂದು ಬೇಕು. ಅಜ್ಜನದನ್ನಷ್ಟೇ ಬರೆದರೆ ಅಜ್ಜಿಯ ಊರಿನ ಆಟ ಅವಳೊಂದಿಗೇ ಹೋಗುತ್ತದೆ. ಎರಡು ಫೈಲು ಮಾಡಿದೆ. ಮೂರನೆಯದನ್ನು ಹೇಳಲು ಕೂಡ್ಲಿಗಿಯಿಂದ ಸೋದರಮಾವ ಫೋನು ಮಾಡಿದ್ದರು.