ಐಲ್ಸ್‌ಬರಿಯ ಸಂತೆಚೌಕ

ಲಂಡನ್ನಿನ ಮ್ಯಾರಿಲೆಬೋನ್ ನಿಲ್ದಾಣದಿಂದ ವಾಯವ್ಯ ದಿಕ್ಕಿಗೆ ಹೊರಡುವ ರೈಲುಬಂಡಿಯು ಸುಮಾರು ಒಂದು ಗಂಟೆಯ ಹೊತ್ತಿಗೆ ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತದ ಐಲ್ಸ್‌ಬರಿ ಎಂಬ ಊರನ್ನು ಮುಟ್ಟುವುದು. ಇಂಗ್ಲೆಂಡಿಗೆ ಹೋದ ನಮ್ಮವರು ಸಾಮಾನ್ಯವಾಗಿ ಇತ್ತ ಸುಳಿಯುವುದಿಲ್ಲ. ಬಿಳಿಯ ಬಾತುಕೋಳಿಗಳಿಗೆ ಹೆಸರಾದ ಊರೆಂದು ಮಾತ್ರ ಕೆಲವರು ಬಲ್ಲರು. ನಾವು ಇದನ್ನು ನೋಡಬೇಕೆಂದು ಬಯಸಿದುದಕ್ಕೆ ಕಾರಣ ಬೇರೆ. ಅರಮನೆಯ ಆಶ್ರಯವಾಗಲಿ ದೊಡ್ಡ ಕಂಪನಿಯ ಆಶ್ರಯವಾಗಲಿ ಇಲ್ಲದೆ, ಕೇಳುವವರ ಕಿರುಗಾಣಿಕೆಗಳನ್ನೇ ನಂಬಿ ಸಂಗೀತಗಾರರು ತಮ್ಮ ಕೃತಿಗಳನ್ನು ಹೊರತರುವ ಪದ್ಧತಿಯೊಂದು ಈಚಿನ ಕಾಲದಲ್ಲಿ ಅಂತರ್ಜಾಲದ ಮೂಲಕ ಎಲ್ಲೆಡೆಯೂ ಹಬ್ಬಿದೆಯಷ್ಟೆ. ಅದಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟವರಲ್ಲಿ ಮೊದಲಿಗರೆಂದು ಹೇಳಬಹುದಾದ ವಾದ್ಯವೃಂದವು ಹುಟ್ಟಿದುದು ಈ ಊರಿನಲ್ಲಿ.

ಊರಿನ ನಡುವೆ ಕಲ್ಲು ಹಾಸಿದ, ತುಸು ಇಳಿಜಾರಾದ ಸಂತೆಚೌಕವಿದೆ. 1876ರಲ್ಲಿ ಕಟ್ಟಿದ ಗಡಿಯಾರದ ಗೋಪುರವು ಅದರ ಮಧ್ಯದಲ್ಲಿ ನಿಂತಿರುವುದು. ಒಂದು ಮೂಲೆಯ ಸಂದಿನಲ್ಲಿ ನುಸುಳಿದರೆ ಹದಿನೈದನೆಯ ಶತಮಾನದ ‘ಕಿಂಗ್ಸ್ ಹೆಡ್’ ಎಂಬ ಛತ್ರವು ಸಿಕ್ಕುವುದು. ಅದರ ಬಣ್ಣದ ಗಾಜಿನ ಕಿಟಕಿಯನ್ನು ನೋಡದೆ ಬರಬಾರದು. ಆದರೆ ನಮ್ಮ ಮನಸ್ಸನ್ನು ಹಿಡಿದುದು ಜಾನ್ ಹ್ಯಾಂಪ್ಡನ್ ಎಂಬ ಮಹನೀಯನ ಕಂಚಿನ ಪ್ರತಿಮೆ. ಮೊದಲನೆಯ ಚಾರಲ್ಸ್ ದೊರೆಯು ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ‘ಹಡಗಿನ ಹಣ’ ಎಂಬ ಕಂದಾಯವನ್ನು ಹೇರಿದಾಗ, ನೆರೆಯ ಸ್ಟೋಕ್ ಮ್ಯಾಂಡೆವಿಲ್ ಗ್ರಾಮದ ತನ್ನ ಭೂಮಿಗೆ ಬಿದ್ದ ಇಪ್ಪತ್ತು ಷಿಲಿಂಗನ್ನು ಕೊಡುವುದಿಲ್ಲವೆಂದು ಈತನು ಹಟ ಹಿಡಿದನು. 1637ರಲ್ಲಿ ವಿಚಾರಣೆ ಮೊದಲಾಯಿತು. ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಮಂದಿ ದೊರೆಯ ಕಡೆ, ಐವರು ಈತನ ಕಡೆ. ಸೋತರೂ ಈತನ ಹೆಸರು ನಿಂತಿತು. ಇಪ್ಪತ್ತು ಷಿಲಿಂಗು ಆ ಸಿರಿವಂತನಿಗೆ ಎಷ್ಟರ ಮಾತು? ಬಲಾತ್ಕಾರದಿಂದ ಕೀಳುವ ಹಣಕ್ಕೂ ಮನವೊಪ್ಪಿ ಕೊಡುವ ಹಣಕ್ಕೂ ಇರುವ ಅಂತರವೇ ಅಲ್ಲಿ ಮುಖ್ಯವಾಗಿತ್ತು.

ಇನ್ನು ವಾದ್ಯವೃಂದದ ವಿಷಯ. ಅದರ ಹೆಸರು ಮ್ಯಾರಿಲಿಯನ್. 1979ರಲ್ಲಿ ಟೋಲ್ಕಿನ್ ಎಂಬ ಗ್ರಂಥಕರ್ತನ ಪುಸ್ತಕವೊಂದರ ಹೆಸರನ್ನಿಟ್ಟುಕೊಂಡು ಹೊರಟ ತರುಣರು ಆಮೇಲೆ ಅದನ್ನು ಮೊಟಕು ಮಾಡಿಕೊಂಡರು. 1982ರಲ್ಲಿ ಹೊರಬಂದ ಅವರ ಮೊದಲ ಧ್ವನಿಮುದ್ರಿಕೆಯ ಹೆಸರಿನಲ್ಲಿಯೇ ಸಂತೆಚೌಕವಿದೆ. 1985ರಲ್ಲಿ ಅವರ ಮುದ್ರಿಕೆಯು ಆ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬಳಿಕ ಮುಖ್ಯ ಗಾಯಕನು ಬಿಟ್ಟುಹೋದನು, ಬೇರೊಬ್ಬನು ಬಂದನು. ಕಾಲದ ಅಭಿರುಚಿಯು ಬದಲಾಯಿತು, ದೊಡ್ಡ ಕಂಪನಿಯ ಕೃಪೆಯೂ ತಪ್ಪಿತು. ಅವರ ಗದ್ದಲದ ಸಂಗೀತವು ವೀಣೆಯ ನಾದಕ್ಕೆ ಪಳಗಿದ ನಮ್ಮ ಕಿವಿಗೆ ಪೂರ್ತಿಯಾಗಿ ಒಗ್ಗಿತೆಂದು ನಾವು ಹೇಳಲಾರೆವು. ಆದರೆ ವಿದ್ಯೆಯನ್ನು ನೆಚ್ಚಿ ಬದುಕುವವನ ಕಷ್ಟವು ಎಲ್ಲ ದೇಶದಲ್ಲಿಯೂ ಒಂದೇ.

1997ರಲ್ಲಿ ಅವರು ಅಮೆರಿಕಾ ಖಂಡದಲ್ಲಿ ಪ್ರವಾಸ ಮಾಡಬೇಕಾಗಿತ್ತು. ಹೋದರೆ ಸುಮಾರು 60,000 ಡಾಲರುಗಳ ನಷ್ಟ. ಆದುದರಿಂದ ಬರಲಾಗದೆಂದು ವಾದಕನಾದ ಮಾರ್ಕ್ ಕೆಲ್ಲಿಯು ಅಂತರ್ಜಾಲದಲ್ಲಿ ಅಭಿಮಾನಿಗಳಿಗೆ ತಿಳಿಸಿದನು. ಅವನು ಯಾಚಿಸಲಿಲ್ಲ, ಇದ್ದ ಸಂಗತಿಯನ್ನು ಹೇಳಿದನು, ಅಷ್ಟೆ. ಆಗ ಅಮೆರಿಕೆಯ ಅಭಿಮಾನಿಗಳು ತಾವೇ ಒಂದು ಬ್ಯಾಂಕು ಖಾತೆಯನ್ನು ತೆರೆದು ವಂತಿಗೆ ಕೂಡಿಸತೊಡಗಿದರು. ಹಣವು ಕೂಡಿತು, ವೃಂದವು ಹಡಗಲ್ಲ, ವಿಮಾನವನ್ನೇರಿ ಹೋಯಿತು. ವಂತಿಗೆ ಕೊಟ್ಟವರೇ ಕಚೇರಿಗೆ ಟಿಕೆಟನ್ನೂ ಕೊಂಡರೆಂಬುದನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ ರಾಮೋತ್ಸವಕ್ಕೆ ಪಟ್ಟಿ ಹಿಡಿದು ಮನೆಮನೆಗೆ ತಿರುಗಿದವರಿಗೆ ಇಂತಹ ಭಕ್ತರ ಪರಿಚಯ ಉಂಟು.

ಅಲ್ಲಿಂದ ಮುಂದಿನ ಹೆಜ್ಜೆಯೇ ನಿಜವಾಗಿ ಹೊಸದು. ಇನ್ನೂ ಹಾಡದಿರುವ, ಮುದ್ರಿಸದಿರುವ ಕೃತಿಗೆ ಮುಂಗಡವಾಗಿ ಬೆಲೆ ಕೊಡುವಿರಾ ಎಂದು ಅವರು ಮಿಂಚಂಚೆಯ ಮೂಲಕ ಕೇಳಿದರು. ಹನ್ನೆರಡು ಸಾವಿರಕ್ಕೂ ಮಿಕ್ಕಿದ ಜನ ಕೊಟ್ಟರು. ಆ ಹಣದಿಂದ 2001ರ ಮುದ್ರಿಕೆಯು ಸಿದ್ಧವಾಯಿತು. 2004ರ ‘ಮಾರ್ಬಲ್ಸ್’ ಎಂಬ ಕೃತಿಗೂ ಹೀಗೆಯೇ ಆಯಿತು. ಮುಂಗಡ ಕೊಟ್ಟವರ ಹೆಸರುಗಳನ್ನೆಲ್ಲ ಅದರ ವಿಶೇಷ ಪ್ರತಿಯ ಹೊತ್ತಗೆಯಲ್ಲಿ ಅಚ್ಚುಹಾಕಿದರು. ನಮಗೆ ಚೌಕವನ್ನು ಸುತ್ತಿ ತೋರಿಸಿದ ಆ ಊರಿನ ವೃದ್ಧರೊಬ್ಬರು ಆ ಹೊತ್ತಗೆಯನ್ನು ಕೈಗಿತ್ತರು. ಸಾಸಿವೆಯಂತಹ ಅಕ್ಷರಗಳು, ಕನ್ನಡಕವನ್ನು ಒರೆಸಿಕೊಂಡು ನೋಡಬೇಕಾಯಿತು. ಹಿಂದಿನ ಕಾಲದಲ್ಲಿ ಕೆರೆ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿರುತ್ತಿತ್ತು, ಮಣ್ಣು ಹೊತ್ತವರದು ಇರುತ್ತಿರಲಿಲ್ಲ. ಇಲ್ಲಿ ಬುಟ್ಟಿ ಹೊತ್ತವರದೇ ಶಾಸನ!

ಇದೇ ಚೌಕದ ಕಮಾನುಗಳ ಕೆಳಗೆ ಡೇವಿಡ್ ಬೋವಿ ಎಂಬ ಪ್ರಸಿದ್ಧ ಗಾಯಕನ ಕಂಚಿನ ಶಿಲ್ಪವಿದೆ. ಮುಂದೆ ಅವನು, ಹಿಂದೆ ಅವನು ಬೇರೆ ಬೇರೆ ಕಾಲದಲ್ಲಿ ಧರಿಸಿದ ವೇಷಗಳ ಮುಖಗಳು. ನಮ್ಮ ಗುಡಿಗಳ ದಶಾವತಾರದ ತೋರಣಗಳು ನೆನಪಾದುವು. 1972ರ ಜನವರಿಯಲ್ಲಿ ಜಿಗ್ಗಿ ಎಂಬ ತನ್ನ ಪಾತ್ರವನ್ನು ಅವನು ಈ ಊರಿನ ಸಭಿಕರ ಮುಂದಿಟ್ಟನೆಂಬ ಅಭಿಮಾನದಿಂದ, 2018ರ ಮಾರ್ಚಿಯಲ್ಲಿ ಇದನ್ನು ಸ್ಥಾಪಿಸಿದರು. ಅಭಿಮಾನಿಗಳು ಅಂತರ್ಜಾಲದಲ್ಲಿ ಕೊಟ್ಟ ವಂತಿಗೆಯು ಇದರಲ್ಲಿ ಸೇರಿದೆ. ಎರಡು ದಿನಗಳೊಳಗೆ ಯಾರೋ ಬಂದು, ಮೊದಲು ಮನೆಯಿಲ್ಲದವರಿಗೆ ಉಣಬಡಿಸಿರಿ ಎಂಬರ್ಥದ ಮಾತನ್ನು ಅಲ್ಲಿ ಬಣ್ಣದಿಂದ ಬರೆದು ಹೋದರು. ಶಿಲ್ಪವನ್ನು ಕೆಡಿಸಿದುದು ತಪ್ಪು. ಬರೆದ ಮಾತನ್ನು ಮಾತ್ರ ತಪ್ಪೆಂದು ತಳ್ಳಿಹಾಕಲು ನಮಗೆ ಮನಸ್ಸು ಬರಲಿಲ್ಲ. ಕಂದಾಯದ ಹಣವಾಗಿದ್ದರೆ ಆ ಪ್ರಶ್ನೆಗೆ ಪಾಲಿಕೆಯು ಉತ್ತರ ಹೇಳಬೇಕಾಗುತ್ತಿತ್ತು. ಸ್ವಂತ ಇಚ್ಛೆಯಿಂದ ಕೊಟ್ಟವನು ಯಾರಿಗೆ ಉತ್ತರ ಹೇಳಬೇಕು? ವೃದ್ಧರೂ ನಾವೂ ಇದನ್ನು ಚಹದ ಅಂಗಡಿಯಲ್ಲಿ ಬಹಳ ಹೊತ್ತು ಚರ್ಚಿಸಿ ಒಮ್ಮತಕ್ಕೆ ಬಾರದೆ ಎದ್ದೆವು.

ಎಲ್ಲ ಕಡೆಯೂ ಈ ವ್ಯವಹಾರವು ಶುಭವಾಗಿಯೇ ನಡೆಯಿತೆಂದು ತಿಳಿಯಬಾರದು. ಕೊಡುವವನಿಗೂ ಪಡೆಯುವವನಿಗೂ ನಡುವೆ ದಲ್ಲಾಳಿ ಸಂಸ್ಥೆಗಳು ಹುಟ್ಟಿಕೊಂಡುವು. 2009ರಲ್ಲಿ ಆರಂಭವಾದ ಪ್ಲೆಡ್ಜ್‌ಮ್ಯೂಸಿಕ್ ಎಂಬುದು ಅವುಗಳಲ್ಲೊಂದು. ಅಭಿಮಾನಿಗಳು ಹಣ ಕಟ್ಟಿದರೂ ಅದು ಸಂಗೀತಗಾರರನ್ನು ಸೇರದೆ ನಿಂತಿತೆಂಬ ದೂರುಗಳೆದ್ದು, 2019ರಲ್ಲಿ ಆ ಸಂಸ್ಥೆಯು ಮುಚ್ಚಿಹೋಯಿತು. ಮುದ್ರಿಕೆಗೆ ಖರ್ಚು ಮಾಡಿದವರು ಸಾಲಕ್ಕೆ ಬಿದ್ದರು. ದೊಡ್ಡ ಕಂಪನಿಯಿಂದ ಬಿಡಿಸಿಕೊಳ್ಳಲು ಹಿಡಿದ ದಾರಿಯಲ್ಲಿಯೂ ಹೀಗೊಂದು ಹಳ್ಳವಿತ್ತು.

ಮ್ಯಾರಿಲಿಯನ್ ವೃಂದಕ್ಕೆ ಮತ್ತೊಮ್ಮೆ ಅಭಿಮಾನಿಗಳ ನೆರವು ಬೇಕಾದುದು 2021ರಲ್ಲಿ. ಕೋವಿಡ್ ಜಾಡ್ಯದ ದೆಸೆಯಿಂದ ಪ್ರವಾಸವು ನಡುವೆ ನಿಂತರೆ ಆಗುವ ನಷ್ಟಕ್ಕೆ ವಿಮೆ ಸಿಕ್ಕುವಂತಿರಲಿಲ್ಲ. ಅಭಿಮಾನಿಗಳೇ ವಿಮೆಯಾಗಿ ನಿಲ್ಲಬೇಕೆಂದು ಅವರು ಕೇಳಿಕೊಂಡರು. ಕೂಡಿದ ಹಣವನ್ನು ಮುಟ್ಟದೆ ಪ್ರತ್ಯೇಕವಾಗಿ ಇಟ್ಟರು. ಪ್ರವಾಸವು ಕೆಟ್ಟರೆ ಅದರಿಂದ ಸಾಲ ತೀರಿಸುವುದು, ಕೆಡದಿದ್ದರೆ ಹಿಂದಕ್ಕೆ ಕೊಡುವುದು ಎಂಬ ಕರಾರು. ಆ ನವೆಂಬರಿನಲ್ಲಿ ಪ್ರವಾಸವು ನಡೆಯಿತು, ಹಣವು ಕೊಟ್ಟವರಿಗೆ ಹಿಂದಿರುಗಿತು. ವೃದ್ಧರೂ ಕೊಟ್ಟವರಲ್ಲೊಬ್ಬರಂತೆ. ಬ್ಯಾಂಕಿನಿಂದ ತಿಳಿವಳಿಕೆ ಬಂದಾಗ ಅವರ ಹೆಂಡತಿಯು, ಇದಾವ ಹಣವೆಂದು ಕೇಳಿದರಂತೆ. ಮೊದಲು ಕೊಟ್ಟ ಸಂಗತಿಯನ್ನೇ ಆಕೆಗೆ ಹೇಳಿರಲಿಲ್ಲವೆಂದು ನಗುತ್ತ ಅವರು ನಮ್ಮನ್ನು ಕಿಂಗ್ಸ್ ಹೆಡ್ಡಿನ ಕಡೆಗೆ ಕರೆದುಕೊಂಡು ಹೋದರು.