ಬಂಟನ ಪಾಲು

ನನ್ನ ಬರೆಯುವ ಮೇಜಿನ ಮೂಲೆಯಲ್ಲಿ ಒಂದು ಗೊಂಬೆ ನಿಂತಿದೆ. ಎತ್ತರ ಸುಮಾರು 5½ ಅಂಗುಲ. ಮೈತುಂಬ ಕಿತ್ತಿಳೆ ಬಣ್ಣದ ರೋಮ. ಮುಖ ಮಂಗನದೋ ಮನುಷ್ಯನದೋ ಹೇಳಲಾಗದು. ಸೊಂಟವನ್ನು ತಿರುಗಿಸಿ ಬಿಟ್ಟರೆ ಒಳಗಣ ಸ್ಪ್ರಿಂಗಿನ ಬಲದಿಂದ ಮೈ ಹಿಂದಕ್ಕೆ ಹೊರಳಿ ಕೈ ಗುದ್ದುತ್ತದೆ. ಮುಚ್ಚಿದ ಮುಷ್ಟಿಯಲ್ಲಿ ಒಂದು ಕಾಲಕ್ಕೆ ಕರಿಯ ಚಾವಟಿಯಿತ್ತು, ಈಗಿಲ್ಲ. ಮನೆಗೆ ಬಂದವರು ಇದನ್ನು ನೋಡಿ ನಗುತ್ತಾರೆ. ಓದುವ ಮೇಜಿನ ಮೇಲೆ ಈ ಭೂತವೇಕೆ ಎಂದು ಕೇಳಿದವರೂ ಉಂಟು. ಅವರಿಗೆ ಕೊಡದೆ ಉಳಿಸಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇವನ ಹೆಸರು ಬೀಸ್ಟ್ ಮ್ಯಾನ್, ಮೃಗಮಾನವನೆನ್ನೋಣ. ಅಮೆರಿಕದ ಮ್ಯಾಟೆಲ್ ಎಂಬ ಆಟಿಕೆಯ ಸಂಸ್ಥೆ 1982ರಲ್ಲಿ 'ಮಾಸ್ಟರ್ಸ್ ಆಫ್ ದಿ ಯೂನಿವರ್ಸ್' ಎಂಬ ಗೊಂಬೆಗಳ ಸಾಲನ್ನು ಹೊರತಂದಿತು. ಎಟರ್ನಿಯಾ ಎಂಬುದೊಂದು ಕಲ್ಪಿತ ಲೋಕ. ಅಲ್ಲಿ ಹೀ-ಮ್ಯಾನ್ ಎಂಬ ಮಹಾವೀರ. ಅವನಿಗೆದುರಾಗಿ ತಲೆಬುರುಡೆಯ ಮುಖದ ಸ್ಕೆಲೆಟರ್ ಎಂಬ ದುಷ್ಟ. ಆ ದುಷ್ಟನ ಬಂಟನೇ ನಮ್ಮ ಮೃಗಮಾನವ. ಕಾಡಿನ ಕ್ರೂರಮೃಗಗಳನ್ನು ವಶಪಡಿಸಿಕೊಂಡು ತನ್ನ ಇಷ್ಟದಂತೆ ನಡೆಸುವ ಶಕ್ತಿ ಇವನಿಗುಂಟು. ಆದರೆ ತನ್ನ ಇಷ್ಟವೆಂಬುದು ಇವನಿಗಿಲ್ಲ. ಒಡೆಯನು ಹೇಳುತ್ತಾನೆ, ಇವನು ಓಡುತ್ತಾನೆ. ಸೋತು ಬರುತ್ತಾನೆ, ಬೈಸಿಕೊಳ್ಳುತ್ತಾನೆ.

ನನ್ನ ಒಂಬತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ದೊಡ್ಡಪ್ಪನವರು ನನ್ನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದರು. ಅವರ ಋಣ ದೊಡ್ಡದು. ಒಂದು ದಿನವೂ ನನಗೆ ಭೇದವೆಣಿಸಿದವರಲ್ಲ. ಅವರ ಮಗ ನನಗಿಂತ ಎರಡು ವರ್ಷ ದೊಡ್ಡವನು. ಅಮೆರಿಕದಲ್ಲಿದ್ದ ಅವನ ಸೋದರಮಾವ ಊರಿಗೆ ಬಂದಾಗ ಮೂರು ಗೊಂಬೆಗಳನ್ನು ತಂದುಕೊಟ್ಟರು. ಅಣ್ಣನು ಒಂದು ಕೈಯಲ್ಲಿ ವೀರನನ್ನೂ ಇನ್ನೊಂದರಲ್ಲಿ ದುಷ್ಟನನ್ನೂ ಹಿಡಿದನು. ನನ್ನ ಪಾಲಿಗೆ ಬಂದವನು ಬಂಟ. ಆಟದಲ್ಲಿ ಅವನು ಅಪ್ಪಣೆ ಕೊಡುವನು, ನಾನು ಓಡುವೆನು. ಅವನೇ ಹೊಡೆಯುವನು, ನಾನು ಬೀಳುವೆನು. ಗೊಂಬೆಯ ಆಟ ಮುಗಿದ ಮೇಲೂ ಆ ಪದ್ಧತಿ ಮುಗಿಯಲಿಲ್ಲ. ಅವನ ಚೀಲ ಹೊರುವುದು, ಮಾಡಿದ ತಪ್ಪಿಗೆ ಸಾಕ್ಷಿ ನಿಲ್ಲುವುದು, ಎಲ್ಲವೂ ನನಗೆ ಸಹಜವಾಗಿಹೋಗಿತ್ತು.

ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿನ ಹಿಂದೆ ಅವಳ ಮಗನೂ ಬರುತ್ತಿದ್ದನು. ಎಂಟು ವರ್ಷದ ಹುಡುಗ. ಗೊಂಬೆಗಳನ್ನು ಮುಟ್ಟುವ ಹಕ್ಕು ಅವನಿಗಿರಲಿಲ್ಲ. ಅಣ್ಣನಿಲ್ಲದ ಹೊತ್ತಿನಲ್ಲಿ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ನಾನು ಮೃಗಮಾನವನನ್ನು ಅವನ ಕೈಗೆ ಕೊಡುತ್ತಿದ್ದೆನು. ಅವನು ಸೊಂಟ ತಿರುಗಿಸಿ ಬಿಟ್ಟು ಗುದ್ದು ನೋಡಿ ನಗುವನು. ಒಂದು ದಿನ ಆ ಚಾವಟಿಯನ್ನು ಬಹಳ ಮೆಚ್ಚಿದನು. "ಇಟ್ಟುಕೋ, ನಾಳೆ ತಂದುಕೊಡು" ಎಂದೆನು. ಜೀವಮಾನದಲ್ಲಿ ನಾನು ಅಪ್ಪಣೆಯಿಲ್ಲದೆ ಮಾಡಿದ ಮೊದಲ ಔದಾರ್ಯವದು.

ಅಂದೇ ಸಂಜೆ ಸ್ಕೆಲೆಟರ್ ಕಾಣೆಯಾಯಿತು. ಅಣ್ಣನು ಅದನ್ನು ಆಕಾಶಕ್ಕೆ ಎಸೆದು ಆಡುತ್ತಿದ್ದಾಗ ಅದು ಮಾಡಿನ ಮೇಲೆ ಬಿದ್ದು ಹೆಂಚುಗಳ ನಡುವೆ ಎಲ್ಲಿಯೋ ಸೇರಿತ್ತು. ದೊಡ್ಡಪ್ಪನವರಿಗೆ ತಿಳಿದರೆ ಬೆತ್ತ ತಪ್ಪದು. ಅಣ್ಣನು ನನ್ನನ್ನು ಕೊಟ್ಟಿಗೆಗೆ ಕರೆದು, "ಆ ಹುಡುಗ ತೆಗೆದುಕೊಂಡುಹೋದ ಅಂತ ಹೇಳು. ನಾನು ಹೇಳಿದರೆ ನಂಬೋದಿಲ್ಲ, ನೀನು ಹೇಳಿದರೆ ನಂಬ್ತಾರೆ" ಎಂದನು. ಅದು ನಿಜವಾಗಿತ್ತು. ನಾನು ಸುಳ್ಳಾಡದ ಹುಡುಗನೆಂದು ಮನೆಯಲ್ಲಿ ಹೆಸರಿತ್ತು. ಆ ಹೆಸರನ್ನೇ ಖರ್ಚು ಮಾಡಿ ನಾನು ಹೇಳಿದೆನು.

ಮರುದಿನ ಬೆಳಗ್ಗೆ ಅಂಗಳದಲ್ಲಿ ಹುಡುಗನ ಜೇಬು ನೋಡಿದರು. ಚಾವಟಿ ಸಿಕ್ಕಿತು. "ಅಮ್ಮಾವ್ರೆ, ನನ್ ಮಗ ಅಂಥೋನಲ್ಲ" ಎಂದು ತಾಯಿ ಅಳುತ್ತಿದ್ದಳು. ಹುಡುಗನು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದನು. ನಾನು ಕಂಬದ ಮರೆಗೆ ಸರಿದೆನು. ದೊಡ್ಡಮ್ಮ ಆ ಚಾವಟಿಯನ್ನು ಬಚ್ಚಲೊಲೆಗೆ ಹಾಕಿದರು. ಆ ಹೆಂಗಸು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವನು ಸ್ಕೆಲೆಟರನ್ನು ಕೆಳಗೆ ಎಸೆದಾಗ ದೊಡ್ಡಮ್ಮ "ಅಯ್ಯೋ ಪಾಪ" ಎಂದರು. ಅವಳನ್ನು ಕರೆದುತರಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಈ ಗೊಂಬೆಗಳ ಕಥೆಯನ್ನೇ ಹೇಳುವ ಚಿತ್ರಮಾಲೆಯೊಂದುಂಟು. 1983ರಿಂದ 1985ರವರೆಗೆ ಫಿಲ್ಮೇಶನ್ ಸಂಸ್ಥೆ 130 ಕಂತುಗಳನ್ನು ತೆಗೆಯಿತು. ನಾನು ಅದನ್ನು ನೋಡಿದುದು ತಲೆ ನರೆತ ಮೇಲೆ, ಬಂಟನನ್ನು ಹುಡುಕಿಕೊಂಡು. ಒಂದು ಕಂತಿನಲ್ಲಿ ಸ್ಕೆಲೆಟರ್ ಇವನನ್ನು ಕೈಲಾಗದವನೆಂದು ಹೊರಗಟ್ಟುತ್ತಾನೆ. ಇವನು ಹೋಗಿ ಮಾಡುವುದೇನು? ಒಡೆಯನ ಮೆಚ್ಚುಗೆಯನ್ನು ಮರಳಿ ಪಡೆಯಲು ರಾಜನನ್ನೇ ಸೆರೆಹಿಡಿದು ತರುತ್ತಾನೆ. ಬಾಗಿಲು ತೆರೆದು ಬಿಟ್ಟರೂ ಹಾರಿಹೋಗದ ಪಂಜರದ ಗಿಳಿ!

ಇನ್ನೆರಡು ಸಂಗತಿಗಳನ್ನು ತಿಳಿದು ನಾನು ಬಹಳ ಹೊತ್ತು ಸುಮ್ಮನೆ ಕುಳಿತೆನು. ಇವನ ರೋಮಭರಿತ ಮೈಯನ್ನು ಎರಕಹೊಯ್ದ ಅಚ್ಚಿನಿಂದಲೇ ಸ್ಟ್ರಾಟೋಸ್ ಎಂಬ ಹಾರುವ ವೀರನ ಮೈಯನ್ನೂ ಮಾಡಿದರು; ಅವನು ಸಜ್ಜನರ ಪಕ್ಷದವನು. ಆ ಚಿತ್ರಮಾಲೆಯಲ್ಲಿ ಇವನ ಗೊಗ್ಗರು ದನಿಯನ್ನು ಆಡಿದ ಜಾನ್ ಎರ್ವಿನ್ ಎಂಬ ನಟನೇ ಮಹಾವೀರ ಹೀ-ಮ್ಯಾನನ ದನಿಯನ್ನೂ ಆಡಿದನು. ಹಾಗಾದರೆ ಮೈಯಲ್ಲಿಯೂ ಕಂಠದಲ್ಲಿಯೂ ಇವನಿಗೆ ಕೇಡು ಹುಟ್ಟಿನಿಂದ ಬಂದುದಲ್ಲ. ಯಾರ ಮಾತಿಗೆ ತಲೆಯಾಡಿಸಿದನು ಎಂಬುದರಿಂದ ಬಂದುದು.

ನಮ್ಮ ಮಾರೀಚನೂ ಮೃಗರೂಪ ತಾಳಿದ ಬಂಟನೇ. ಆದರೆ ಅವನು ಮೊದಲು ರಾವಣನಿಗೆ ಹಿತವನ್ನು ಹೇಳಿದನು, ಬೇಡವೆಂದು ಬೇಡಿಕೊಂಡನು. ಕೊಲ್ಲುವೆನೆಂದು ಗದರಿಸಿದ ಮೇಲೆ, ಹೇಗೂ ಸಾಯುವವನಿಗೆ ರಾಮನ ಕೈಯ ಸಾವು ಲೇಸೆಂದು ಹೊನ್ನಿನ ಜಿಂಕೆಯಾದನು. ನನಗೆ ಯಾರ ಕತ್ತಿಯ ಭಯವಿತ್ತು? ಮನೆಯ ಅನ್ನ ತಪ್ಪೀತೆಂಬ ಭಯವೊಂದಿತ್ತು. ಅದನ್ನೂ ಯಾರೂ ಹಾಕಿದವರಲ್ಲ, ನಾನೇ ಸಾಕಿಕೊಂಡುದು. ಬಂಟನನ್ನು ಕಂಡರೆ ಈಗಲೂ ನನಗೆ ಮರುಕವುಂಟು. ಆದರೆ ಪೆಟ್ಟು ತಿನ್ನುವ ಅವನ ಕೈಯಲ್ಲಿಯೂ ಒಂದು ಚಾವಟಿಯಿತ್ತು, ಅದು ಬಿದ್ದುದು ಅವನಿಗಿಂತ ಚಿಕ್ಕವರ ಮೇಲೆ ಎಂಬುದನ್ನು ಮರುಕವು ಮರೆಸಬಾರದು.

ಅಣ್ಣನು ದೊಡ್ಡವನಾಗಿ ಗೊಂಬೆಗಳನ್ನು ಮರೆತನು. ಮೃಗಮಾನವ ನನ್ನಲ್ಲಿಯೇ ಉಳಿದನು. ಮೊನ್ನೆ ನನ್ನ ಮೊಮ್ಮಗಳು ಅವನನ್ನು ಕೈಗೆತ್ತಿಕೊಂಡು, "ತಾತ, ಮುಷ್ಟಿಯಲ್ಲಿ ಏನೂ ಇಲ್ಲವಲ್ಲ?" ಎಂದಳು. ಚಾವಟಿಯಿತ್ತು ಎಂದೆನು. "ಯಾರು ತೆಗೆದುಕೊಂಡರು?"

"ಯಾರೂ ತೆಗೆದುಕೊಳ್ಳಲಿಲ್ಲ, ಮಗು. ನಾನೇ ಕೊಟ್ಟಿದ್ದೆ."

ಆ ಒಂದು ಮಾತನ್ನು ನಾನು ಅಂದು ಅಂಗಳದಲ್ಲಿ ಹೇಳಬೇಕಾಗಿತ್ತು.