ಮೂರು ಗುಡ್ಡೆ ಹುಣಸೆ ಬೀಜ

ಚೌಕಾಬಾರದಲ್ಲಿ ಸೋತರೆ ಕವಡೆ ಕೈಕೊಟ್ಟಿತು ಎನ್ನಬಹುದು. ಅಳಗುಳಿಮಣೆಯಲ್ಲಿ ಆ ನೆಪ ನಡೆಯದು. ಎಲ್ಲ ಕಾಳೂ ಇಬ್ಬರ ಕಣ್ಣೆದುರೇ ಇರುತ್ತವೆ. ಅದೃಷ್ಟಕ್ಕೆ ಎಡೆಯಿಲ್ಲದ ಇಂಥ ಆಟಗಳ ಗಣಿತವೆಂದರೆ ನನಗೆ ಪ್ರಾಣ.

ಅದರಲ್ಲೂ ನಿಮ್. ಮೂರು ಗುಡ್ಡೆ ಹುಣಸೆ ಬೀಜ, ಇಬ್ಬರು ಆಟಗಾರರು. ಸರದಿ ಬಂದಾಗ ಯಾವುದಾದರೂ ಒಂದೇ ಗುಡ್ಡೆಯಿಂದ ಎಷ್ಟಾದರೂ ತೆಗೆಯಬಹುದು, ಒಂದನ್ನಾದರೂ ತೆಗೆಯಲೇಬೇಕು. ಕೊನೆಯ ಬೀಜ ಎತ್ತಿದವರು ಗೆದ್ದಂತೆ. ಇದರ ಗುಟ್ಟನ್ನು ಹಾರ್ವರ್ಡ್‌ನ ಚಾರ್ಲ್ಸ್ ಬೌಟನ್ 1901ರಲ್ಲೇ ಬಿಡಿಸಿಟ್ಟರು.

ಮಕ್ಕಳಿಗೆ ಕಲಿಸುವಾಗ ನಾನು ಆ ಗುಟ್ಟು ಬಿಟ್ಟುಕೊಡುವುದಿಲ್ಲ. ಮೊದಲು ಎರಡೇ ಗುಡ್ಡೆ, ಐದೈದು ಬೀಜ. 'ನೀನೇ ಶುರುಮಾಡು' ಎನ್ನುತ್ತೇನೆ. ಮಗು ಸೋಲುತ್ತದೆ, ಇನ್ನೊಮ್ಮೆ ಅನ್ನುತ್ತದೆ, ಮತ್ತೆ ಸೋಲುತ್ತದೆ. ಆಮೇಲೆ ಕೈ ತಡೆದು ನನ್ನ ಕೈಯನ್ನೇ ನೋಡತೊಡಗುತ್ತದೆ. 'ಸರ್, ನಾನು ಈ ಕಡೆ ತೆಗೆದಷ್ಟನ್ನೇ ನೀವು ಆ ಕಡೆ ತೆಗೀತಿದ್ದೀರಿ!' ಪ್ರಮೇಯವೂ ಅದೇ, ಸಾಧನೆಯೂ ಅದೇ. ಬಾಯಿಪಾಠ ಮಾಡಿದ ನೂರು ಸೂತ್ರಗಳಿಗಿಂತ ಆ ಒಂದು ಕೂಗು ದೊಡ್ಡದು.

ಇನ್ನು 3, 4, 5ರ ಗುಡ್ಡೆಗಳು. ಪ್ರತಿಯೊಂದನ್ನೂ 4, 2, 1ರ ಕಟ್ಟುಗಳಾಗಿ ಬಿಡಿಸಿ. ಮೂರರಲ್ಲಿ ಎರಡು ಮತ್ತು ಒಂದು. ನಾಲ್ಕರಲ್ಲಿ ಬರೀ ನಾಲ್ಕು. ಐದರಲ್ಲಿ ನಾಲ್ಕು ಮತ್ತು ಒಂದು. ನಾಲ್ಕಕ್ಕೆ ಜೋಡಿಯಿದೆ, ಒಂದಕ್ಕೂ ಇದೆ, ಎರಡರ ಕಟ್ಟು ಮಾತ್ರ ಒಂಟಿ. ಮೂರರ ಗುಡ್ಡೆಯಿಂದ ಆ ಎರಡನ್ನು ಎತ್ತಿಬಿಡಿ. ಇನ್ನು ಎದುರಾಳಿ ಏನೇ ತೆಗೆದರೂ ಯಾವುದೋ ಜೋಡಿ ಮುರಿಯುತ್ತದೆ. ನೀವು ಮತ್ತೆ ಕೂಡಿಸುತ್ತೀರಿ. ಆ ಮಗು ಕಂಡದ್ದೇ ಇಲ್ಲಿ ಬೆಳೆದು ನಿಂತಿದೆ.

ಗುಟ್ಟು ಸಿಗದ ಆಟವೂ ಇದೆ: ಚಾಂಪ್. ಚಾಕೊಲೇಟ್ ಹಲಗೆಯ ಎಡಗಡೆಯ ಕೆಳಮೂಲೆಯ ಚೌಕ ವಿಷ. ಒಂದು ಚೌಕ ಆರಿಸಿದರೆ ಆ ಚೌಕವೂ ಅದರಿಂದ ಬಲಕ್ಕೂ ಮೇಲಕ್ಕೂ ಹರಡಿರುವುದೆಲ್ಲವೂ ಹೋಗುತ್ತದೆ. ವಿಷ ತಿಂದವರು ಸೋತರು. ಒಂದಕ್ಕಿಂತ ಹೆಚ್ಚು ಚೌಕವಿದ್ದರೆ ಮೊದಲು ಆಡುವವರಿಗೇ ಗೆಲುವಿನ ದಾರಿ. ಹೇಗೆ? ಅವರು ವಿಷದ ಎದುರು ಮೂಲೆಯ ಚೌಕವೊಂದನ್ನೇ ಮುರಿದರು, ಅದಕ್ಕೆ ಎದುರಾಳಿಯ ಬಳಿ ಗೆಲ್ಲುವ ಉತ್ತರವಿದೆ ಎನ್ನೋಣ. ಆ ಉತ್ತರವನ್ನೇ ಮೊದಲ ನಡೆಯಾಗಿ ಆಡಬಹುದಿತ್ತಲ್ಲ! ದಾರಿ ಇರುವುದು ಖಚಿತ. ಎಲ್ಲ ಹಲಗೆಗೂ ಒಪ್ಪುವ ದಾರಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಇದನ್ನು ಕೇಳಿದ ಮಕ್ಕಳು ಬೆಲ್ ಹೊಡೆದರೂ ಏಳುವುದಿಲ್ಲ.

ನೀವೂ ಇಂದು 3, 5, 7 ಬೀಜ ಇಟ್ಟು ಮನೆಯ ಮಗುವಿನೊಡನೆ ಕುಳಿತುಕೊಳ್ಳಿ. ಮೊದಲು ಆಡುವವರು ಯಾವ ಗುಡ್ಡೆಯಿಂದಲಾದರೂ ಸರಿ, ಒಂದೇ ಬೀಜ ತೆಗೆದರೆ ಗೆಲುವು ಅವರ ಕೈಯಲ್ಲಿ. ದಯವಿಟ್ಟು ಅದನ್ನು ಮಗುವಿಗೆ ಹೇಳಬೇಡಿ.